ತಿರುಗಿಸದ ಕುರ್ಚಿ

ಪ್ರತಿ ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ದೊಡ್ಡಪ್ಪ ಫ್ರಿಜ್ಜಿನ ಸ್ವಿಚ್ ಆರಿಸಿ, ಗೋಡೆ ಗಡಿಯಾರವನ್ನು ಇಳಿಸಿ, ಟವೆಲಿನಲ್ಲಿ ಸುತ್ತಿ, ಒಳಕೋಣೆಯ ಹಾಸಿಗೆಯ ಮೇಲೆ ಮಗುವಿನಂತೆ ಮಲಗಿಸುತ್ತಿದ್ದರು. ಹಾಡು ಕೇಳುವ ಮುನ್ನ ಮನೆಯನ್ನು ಹೀಗೆ ಸುಮ್ಮನಾಗಿಸುವುದು ಅವರ ಹಳೆಯ ಪದ್ಧತಿ. "ನಾನು ಕೂಗಿದ್ರೆ ಕೇಳ್ಸಲ್ಲ, ಆ ಹಾಡೋಳು ಉಸಿರೆಳ್ಕೊಂಡ್ರೆ ಕೇಳ್ಸುತ್ತೆ" ಎಂದು ದೊಡ್ಡಮ್ಮ ಪ್ರತಿ ಸಲ ನನ್ನ ಕಡೆ ನೋಡಿ ನಗುತ್ತಿದ್ದರು. ಒಂದು ಭಾನುವಾರ ಮಾತ್ರ ಹಾಗೆನ್ನಲಿಲ್ಲ.

ಸ್ಪೀಕರ್ ತಯಾರಿಸುವ ಕಾರ್ಖಾನೆಯಲ್ಲಿ ದೊಡ್ಡಪ್ಪ ಕೊನೆಯ ಪರೀಕ್ಷಕರು; ಅವರು ಕೇಳಿ ಹೂಂ ಎಂದ ಮೇಲೆಯೇ ಪೆಟ್ಟಿಗೆ ಹೊರಗೆ ಹೋಗುತ್ತಿತ್ತು. ತುಂಬಿದ ಕೊಡ ಹೊತ್ತವರಂತೆ ತಲೆ ಅಲುಗದ ನಡಿಗೆ. ದನಿಯ ಬಗ್ಗೆ ಅವರಾಡುವ ಮಾತೆಲ್ಲ ಚರ್ಮ, ಕಣ್ಣುಗಳಿಂದ ಎರವಲು ತಂದದ್ದು. ಒಂದು ಪೆಟ್ಟಿಗೆ 'ಬೆಚ್ಚಗಿದೆ' ಎಂದರೆ ಕೆಳಗಿನ ಸ್ವರಗಳು ತುಸು ಮುಂದಾಗಿವೆ. 'ಕಣ್ಣಿಗೆ ಚುಚ್ಚುತ್ತೆ' ಎಂದರೆ ಮೇಲಿನವು ಮಿತಿ ಮೀರಿವೆ. 'ಕಂಬಳಿ ಹೊದ್ದಿದೆ' ಎಂದರೆ ಅವೇ ಮಂಕಾಗಿವೆ. ಅವರ ಮನೆಯಲ್ಲಿದ್ದು ಭೌತಶಾಸ್ತ್ರ ಓದುವಾಗ ಈ ಮಾತುಗಳಿಗೆ ನಾನು ಹೀಗೆ ಅರ್ಥ ಹೊಂದಿಸಿಕೊಂಡಿದ್ದೆ.

ಎಲ್ಲಕ್ಕಿಂತ ಅವರು ಬೆಲೆ ಕೊಡುತ್ತಿದ್ದದ್ದು 'ಜಾಗ'ಕ್ಕೆ. ಎದುರಿಗಿರುವುದು ಎರಡು ಸ್ಪೀಕರ್ ಪೆಟ್ಟಿಗೆ. ಹಾಡುವವಳು ಮಾತ್ರ ನಡುವಿನ ಖಾಲಿಯಲ್ಲಿ, ಕೈಚಾಚಿದರೆ ಸಿಗುವಂತೆ ನಿಂತು ಹಾಡಿದಂತೆ ಕೇಳಿಸಬೇಕು. ಅದಕ್ಕಾಗಿ ಕುರ್ಚಿಯ ಕಾಲುಗಳಿಗೆ ನೆಲದ ಮೇಲೆ ಬಣ್ಣದ ಗುರುತು. ದೊಡ್ಡಮ್ಮ ಕೂಡ ಅದರ ಸುತ್ತ ಗುಡಿಸುತ್ತಿದ್ದರೇ ಹೊರತು ಸರಿಸುತ್ತಿರಲಿಲ್ಲ.

ಕೆಲವು ವಾರಗಳ ಹಿಂದೆ ಹಾಡುವವಳು ಎಡಕ್ಕೆ ಸರಿದಿದ್ದಳು. ದೊಡ್ಡಪ್ಪ ತೋಳು ನೀಡಿ, ಬೆರಳು ಜೋಡಿಸಿ ಅಳೆದು, "ಎರಡು ಬೆರಳು" ಎಂದಿದ್ದರು. ಆಮೇಲೆ ವೈರು ಬದಲಾಯಿಸಿದರು, ಪರದೆ ಬಿಚ್ಚಿದರು, ಪುಸ್ತಕದ ಕಪಾಟು ತಳ್ಳಿಸಿದರು, ಗೋಡೆಯನ್ನು ಬೈದರು. ಸುಲಭದ ದಾರಿಯೊಂದಿದೆ ಎಂದು ನಾನು ಹೇಳಿದೆ: ಕುರ್ಚಿ ತಿರುಗಿಸಿ, ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂರುವುದು. ದೋಷ ಪೆಟ್ಟಿಗೆಯದಾದರೆ ಅವಳು ಬಲಗೈ ಕಡೆಗೆ ಹೋಗುತ್ತಾಳೆ. ಎಡಗೈ ಕಡೆಯೇ ಉಳಿದರೆ ದೋಷ ಕೇಳುವವನ ಬಲಗಿವಿಯದು.

"ಗೊತ್ತು ಕಣೋ" ಎಂದು ಅವರು ವೈರು ಒರೆಸತೊಡಗಿದರು.

ಅವರ ಅಪ್ಪನಿಗೆ ಮೊದಲು ಬಲಗಿವಿ ಹೋಗಿತ್ತು, ವರ್ಷ ತುಂಬುವುದರೊಳಗೆ ಎಡಗಿವಿ. ಊಟಕ್ಕೆ ಕೂತಾಗ ಮಕ್ಕಳ ಬಾಯನ್ನೇ ನೋಡುತ್ತಿದ್ದರಂತೆ. ಈಚೆಗೆ ನಾನು ಮಾತಾಡುವಾಗ ದೊಡ್ಡಪ್ಪ ನನ್ನ ತುಟಿ ನೋಡುವುದನ್ನು ಗಮನಿಸಿದ್ದೆ. ಗಮನಿಸಿದ್ದು ತಿಳಿಯದಿರಲೆಂದು ಮುಖ ತಿರುಗಿಸಲೂ ಹೆದರಿದ್ದೆ.

ಆ ಭಾನುವಾರ ಅವರೇ, "ಹಿಡಿ ಆ ಕಡೆ" ಎಂದರು. ಇಬ್ಬರೂ ಕುರ್ಚಿ ಎತ್ತಿ ತಿರುಗಿಸಿದೆವು. ಅವರು ಕೂತು ಕಣ್ಣು ಮುಚ್ಚಿದರು, ಹಾಡು ಶುರುವಾಯಿತು. ಮೊದಲ ಸಾಲು ಮುಗಿಯುವ ಮುಂಚೆಯೇ ಹಾಡುವವಳ ದನಿಯಿದ್ದ ಕಡೆಗೆ ಅವರ ಎಡಗೈ ಮೆಲ್ಲಗೆ ಮೇಲೆದ್ದಿತು. ಬಲಬದಿಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, "ಸಾಕು, ಏಳಿ" ಎಂದರು. ದೊಡ್ಡಪ್ಪ ತಿರುಗಲಿಲ್ಲ. ದೊಡ್ಡಮ್ಮ ನಡೆದು ಅವರ ಎಡಬದಿಗೆ ಬಂದರು.

ಕಿವಿಯನ್ನೇ ನೆಚ್ಚಿ ಬಾಳುವವರ ಪಾಡು ಇದು: ತಮ್ಮೊಳಗಿನ ಬಿರುಕು, ವೈದ್ಯರಿಗಿಂತ, ಮನೆಯವರಿಗಿಂತ ಮೊದಲು ಅವರಿಗೇ ಕೇಳಿಸುತ್ತದೆ; ಜೀವಮಾನವಿಡೀ ಪೆಟ್ಟಿಗೆಗಳ ಬಗ್ಗೆ ಸುಳ್ಳಾಡದ ಬಾಯಿ, ಈಗ ತನ್ನ ಬಗ್ಗೆಯೂ ಸುಳ್ಳಾಡಲಾರದು. ದೊಡ್ಡಪ್ಪ ಕಣ್ಣು ತೆರೆದು, ಚಾಚಿದ ಕೈಯ ಜೋಡಿಸಿದ ಬೆರಳುಗಳನ್ನು ನೋಡಿ, ಕಾರ್ಖಾನೆಯಲ್ಲಿ ಹೇಳುವ ದನಿಯಲ್ಲೇ ಹೇಳಿದರು: "ನಾಲ್ಕು ಬೆರಳು."