ಕೆಂಪು ಕಂಡು ತಿರುಗಿದ ಪ್ರೋಟೀನು

ಯಲಹಂಕದಾಚೆಯ ಸಂಶೋಧನಾ ಸಂಸ್ಥೆಯಲ್ಲಿ ಲೇಸರ್ ಯಂತ್ರ ಜೋಯಾಳ ಪಾಲಿಗೆ ಸಿಕ್ಕಿದ್ದು ಇವತ್ತೊಂದೇ ಮಧ್ಯಾಹ್ನ. ಇದು ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಅವಳ ಸರದಿ ಬರುವಂತಿರಲಿಲ್ಲ. ಹಾಗಾಗಿ ಆರ್.ಟಿ. ನಗರದಿಂದ ತಿಂಡಿಯನ್ನೂ ತಿನ್ನದೆ ಬಸ್ಸು ಹತ್ತಿದ್ದಳು.

ಅವಳ ಪರೀಕ್ಷೆ ಕೆರೆಮಣ್ಣಿನ ಬ್ಯಾಕ್ಟೀರಿಯಾವೊಂದರ ಪ್ರೋಟೀನಿನ ಮೇಲೆ. ಕಣ್ಣಿಲ್ಲದ ಆ ಜೀವಿಗೆ ಬೆಳಕಿನ ಸುಳಿವು ಸಿಗುವುದು ಅದರಿಂದಲೇ. ಪ್ರೋಟೀನಿನ ನಡುವೆ ಒಂದು ಬಣ್ಣದ ಅಣು. ಬೆಳಕು ತಾಗಿದೊಡನೆ ಅದು ಬಾಗಿಲ ಚಿಲಕದಂತೆ ತಿರುಗುತ್ತದೆ. ಆ ತಿರುಗುವಿಕೆಯನ್ನು ಲೇಸರಿನಲ್ಲಿ ಹಿಡಿಯಬೇಕು. ಅಲ್ಲಿಯವರೆಗೆ ಅದು ಕತ್ತಲಲ್ಲೇ ಇರಬೇಕು.

ಕತ್ತಲಕೋಣೆಯ ಬಾಗಿಲು ತೆರೆದರೆ ಒಳಗೆ ಮಂದವಾದ ಕೆಂಪು ಬೆಳಕು. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಸುಬ್ರಮಣಿ ಪ್ರೋಟೀನಿನ ದ್ರಾವಣವನ್ನು ಗಾಜಿನ ಪುಟ್ಟ ಡಬ್ಬಿಗೆ ತುಂಬಿಸಿ, ಪಕ್ಕದಲ್ಲಿ ಹೊತ್ತಿಸಿದ ಟಾರ್ಚೊಂದನ್ನು ಇಟ್ಟುಕೊಂಡು ಕೂತಿದ್ದರು. ಅದರ ಮೂತಿಗೆ ಹೂಗುಚ್ಛಕ್ಕೆ ಸುತ್ತುವ ಕೆಂಪು ಪ್ಲಾಸ್ಟಿಕ್ ಹಾಳೆ.

"ಹೋದ್ಸಲ ಸ್ಟೂಲ್ ಎಡವಿ ಮೊಣಕಾಲು ತರಚ್ಕೊಂಡ್ಯಲ್ಲಮ್ಮಾ, ಅದಕ್ಕೇ ಇದನ್ನ ಮಾಡ್ದೆ. ಕೆಂಪು ಬೆಳಕಿಂದ ಪ್ರೋಟೀನಿಗೆ ಏನೂ ಆಗಲ್ಲ ಅಲ್ವಾ?"

ಹೋದ ವರ್ಷ ಪರೀಕ್ಷಿಸಿದ್ದ ಹಳದಿ ಪ್ರೋಟೀನಿಗಾದರೆ ಏನೂ ಆಗುತ್ತಿರಲಿಲ್ಲ. ಅದು ನೀಲಿಗಷ್ಟೇ ಓಗೊಡುತ್ತಿತ್ತು. ಈ ಹೊಸದಕ್ಕೆ ಬೇಕಾದದ್ದೇ ಕೆಂಪು. ಅದನ್ನು ಸುಬ್ರಮಣಿಗೆ ಯಾರೂ ಹೇಳಿರಲಿಲ್ಲ.

ಜೋಯಾ ಮೆಲ್ಲಗೆ ಟಾರ್ಚ್ ಆರಿಸಿದಳು. "ಅಂಕಲ್, ಇದು ಕೆಂಪು ನೋಡಿದ್ರೇ ತಿರುಗೋದು."

"ಅಯ್ಯೋ ದೇವ್ರೇ! ಹಾಳಾಗೋಯ್ತಾ?"

"ಹಾಳಾಗಿಲ್ಲ. ಕತ್ತಲಲ್ಲಿಟ್ರೆ ತಾನೇ ವಾಪಸ್ ಬರತ್ತೆ. ಎಷ್ಟು ಹೊತ್ತಿಗೆ ಅಂತ ಯಾರೂ ಅಳೆದಿಲ್ಲ, ಅಷ್ಟೇ."

ಡಬ್ಬಿಯನ್ನು ಬಣ್ಣ ಅಳೆಯುವ ಯಂತ್ರದೊಳಗೆ ಮುಚ್ಚಿಟ್ಟು ಇಬ್ಬರೂ ಹೊರಗೆ ಕೂತರು. ಸುಬ್ರಮಣಿ ಊಟದ ಡಬ್ಬಿ ಬಿಚ್ಚಿ, ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಹಾಕಿ ಅವಳ ಕಡೆ ತಳ್ಳಿದರು. ಕಡಲೆಬೀಜವೆಲ್ಲ ಅವಳ ಪಾಲಿಗೇ ಬಂದಿತ್ತು.

"ತಿರುಗೋಕೆ ಎಷ್ಟೊತ್ತಮ್ಮಾ ಅದಕ್ಕೆ?"

"ಒಂದು ಸೆಕೆಂಡನ್ನ ಲಕ್ಷ ಕೋಟಿ ಪಾಲು ಮಾಡಿ. ಅದ್ರಲ್ಲಿ ಒಂದಿಷ್ಟು ಪಾಲು ಸಾಕು."

"ವಾಪಸ್ ಬರೋಕೆ ಮಾತ್ರ ಮಧ್ಯಾಹ್ನ ಆಗ್ಬೇಕಾ? ಹೆಬ್ಬಾಳ ಫ್ಲೈಓವರ್ ಜಾಮ್ ಥರ ಆಯ್ತಲ್ಲ!"

ಜೋಯಾ ನಕ್ಕುಬಿಟ್ಟಳು.

"ಅಲ್ಲಮ್ಮಾ, ಹೋಗೋ ದಾರೀಲೇ ತಾನೆ ಬರೋದು?"

ಬಾಯಿಗೆ ಹೋಗುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಹೋಗುವಾಗ ಬೆಳಕು ತಳ್ಳುತ್ತದೆ, ಬರುವಾಗ ತಳ್ಳುವವರಿಲ್ಲ, ಅಷ್ಟು ಗೊತ್ತಿತ್ತು. ಆದರೆ ದಾರಿ? "ನಂಗೂ ಗೊತ್ತಿಲ್ಲ ಅಂಕಲ್," ಎಂದವಳೇ ಕೈ ತೊಳೆದು ಒಳಗೆ ಓಡಿದಳು. ಹೇಗೂ ಕಾಯಬೇಕು, ಅದು ಬರುವ ಬಗೆಯನ್ನೇ ನೋಡಿದರಾಯಿತು. ಆಗಾಗ ಒಂದೊಂದು ಅಳತೆ ತೆಗೆಯುತ್ತ ಹೋದಳು. ಪರದೆಯ ಮೇಲಿನ ಗೆರೆ ಮೊದಲು ಚುರುಕಾಗಿ ಏರಿತು. ಆಮೇಲೆ ಸೋಮಾರಿಯಾಯಿತು. ಯಾಕೆ ಹೀಗೆ? ಲೇಸರಿನ ಚಿಂತೆಯೇ ಅವಳಿಗೆ ಮರೆತುಹೋಗಿತ್ತು.

ನೆನಪಿಸಿದ್ದು ಸುಬ್ರಮಣಿ. "ನಿನ್ ಟೈಮ್ ಶುರುವಾಯ್ತಮ್ಮಾ!"

ಗೆರೆ ಹೆಚ್ಚುಕಡಿಮೆ ಕೆಂಪು ತಾಗುವ ಮೊದಲಿನ ಎತ್ತರಕ್ಕೆ ಬಂದಿತ್ತು. ಅಷ್ಟು ಸಾಕು. ಗಾಜಿನ ಡಬ್ಬಿ ಎತ್ತಲು ಸುಬ್ರಮಣಿ ಹಿಂಜರಿದರು. "ನೀವೇ ತಗೊಂಬನ್ನಿ ಅಂಕಲ್, ನಾನು ಲೇಸರ್ ನೋಡ್ಕೋತೀನಿ," ಎಂದಳು.

ಕತ್ತಲಲ್ಲೇ ಡಬ್ಬಿಯನ್ನು ಲೇಸರಿನ ಮುಂದಿಟ್ಟರು. ಮೊದಲ ಮಿಂಚು ಹಾಯಿತು. ಪರದೆಯ ಮೇಲೆ ಗೆರೆಯೊಂದು ಚಕ್ಕನೆ ಕುಸಿಯಿತು.

"ತಿರುಗ್ತಾ?" ಸುಬ್ರಮಣಿ ಪಿಸುಗುಟ್ಟಿದರು.

"ನೀವು ಬಾಯಿ ಬಿಡೋದ್ರೊಳಗೆ ತಿರುಗೋಯ್ತು."

"ಹಂಗಾದ್ರೆ ಇನ್ನೊಂದ್ಸಲ ತೋರ್ಸು. ಈ ಸಲ ಮಾತಾಡಲ್ಲ."