ಬಿಳಿಚಿದ ಹವಳ

ಗಾಜಿನ ಕೊಳವೆಯೊಳಗಿನ ನೀರು ಇವತ್ತೂ ಕೆಂಪಾಯಿತು. ವೇದವತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣದ ಚೀಟಿಯ ಪಕ್ಕಕ್ಕಿಟ್ಟು ನೋಡಿದಳು. ಚೀಟಿಯ ಕಟ್ಟಕಡೆಯ ಚೌಕಕ್ಕಿಂತಲೂ ಗಾಢ. ವಾರದಲ್ಲಿ ಮೂರು ಸಲ ಅಕ್ವೇರಿಯಮ್ಮಿನ ಉಪ್ಪುನೀರು ಬದಲಾಯಿಸಿದ್ದಳು. ಬಕೆಟ್ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತ್ತೇ ಹೊರತು ನೀರು ಕೆಡಿಸುವ ನೈಟ್ರೇಟ್ ಇಳಿದಿರಲಿಲ್ಲ.

ಅಟ್ಟೂರಿನ ಆ ಎರಡನೇ ಮಹಡಿಯ ಮನೆಯ ಹಾಲಿನಲ್ಲಿ, ಗೋಡೆಯುದ್ದಕ್ಕೂ ಆ ಅಕ್ವೇರಿಯಂ. ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟಾಗಿದ್ದ ಅವಳ ಗಂಡ ಚನ್ನಕೇಶವ ನಾಲ್ಕು ವರ್ಷ ಕೂತು ಅದರಲ್ಲಿ ಹವಳ ಬೆಳೆಸಿದ್ದ. ಹೆಂಡತಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಏಳು ವಾರದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋದವು. ಮಾತೂ ಹೋಗಿ, ಬಾಯಲ್ಲಿ ಒಂದೇ ಒಂದು ಪದ ಉಳಿಯಿತು: "ಹಾಕು."

ಐದು ವಾರದ ಹಿಂದೆ, ಆಸ್ಪತ್ರೆಯಿಂದ ಬಂದ ಸಂಜೆ, ಅವನು ಎಡಗೈ ಎತ್ತಿ ಅಕ್ವೇರಿಯಂ ತೋರಿಸಿ "ಹಾಕು, ಹಾಕು" ಅಂದಿದ್ದ. ವೇದವತಿ ಓಡಿಹೋಗಿ ಲೈಟ್ ಹಾಕಿದಳು. ಅಂದಿನಿಂದ ಆ ನೀಲಿ ಲೈಟ್ ಆರಿಸಿರಲಿಲ್ಲ. ಆದರೂ ಅವನು ಅದನ್ನೇ ಅನ್ನುತ್ತಿದ್ದ. ಹಾಗಾದರೆ ಮೀನಿಗೆ ತಿಂಡಿ ಇರಬೇಕು ಎಂದುಕೊಂಡು ಒಂದು ಚಿಟಿಕೆ ಹಾಕುವಲ್ಲಿ ನಾಲ್ಕು ಹಾಕಿದಳು. ಗಂಡ ನಾಲ್ಕು ಚಮಚ ಗಂಜಿಗೇ ಮುಖ ತಿರುಗಿಸುತ್ತಿದ್ದ. ಮೀನಾದರೂ ಹೊಟ್ಟೆ ತುಂಬ ತಿನ್ನಲಿ ಅನ್ನಿಸುತ್ತಿತ್ತು ಅವಳಿಗೆ.

ಈಗ ಹವಳದ ನೇರಳೆ ಕೊಂಬೆಗಳೆಲ್ಲ ಸುಣ್ಣ ಬಳಿದ ಹಾಗಾಗಿದ್ದವು. ಕಲ್ಲುಗಳ ಮೇಲೆ ಹಸಿರು ಲೋಳೆ. ಇದೂ ಸತ್ತುಹೋದರೆ ಇವರು, ಅಂತ ಶುರುವಾದ ಯೋಚನೆಯನ್ನು ಅವಳು ಯಾವತ್ತೂ ಮುಗಿಸಿರಲಿಲ್ಲ. ಕೊಳವೆ ತೊಳೆದಿಟ್ಟು, ಆರ್.ಟಿ. ನಗರದಲ್ಲಿ ಸಾಕುಮೀನಿನ ಅಂಗಡಿ ಇಟ್ಟಿರುವ ಅಮ್ರೀನಿಗೆ ಫೋನ್ ಮಾಡಿದಳು. "ಒಂದ್ಸಲ ಬಂದ್ಹೋಗಮ್ಮ, ನಿನ್ನ ಕಾಲಿಗ್ ಬೀಳ್ತೀನಿ."

ಅಮ್ರೀನ್ ಹೆಬ್ಬಾಳದ ಟ್ರಾಫಿಕ್ಕನ್ನು ಬೈಯುತ್ತಲೇ ಮೆಟ್ಟಿಲು ಹತ್ತಿ ಬಂದಳು. ಹಾಸಿಗೆಯ ಮೇಲಿದ್ದ ಚನ್ನಕೇಶವನನ್ನು ನೋಡಿದ್ದೇ ಮಂಚದ ಬಳಿ ಬಗ್ಗಿದಳು.

"ಸರ್, ನಾನು, ಅಮ್ರೀನ್."

ಅವನ ಎಡಗೈ ಮೇಲೆದ್ದಿತು. "ಹಾಕು! ಹಾಕು!"

"ಇರಿ, ಹಾಕ್ತೀನಿ," ಎಂದು ವೇದವತಿ ತಿಂಡಿಯ ಡಬ್ಬಿಗೆ ಕೈಚಾಚಿದಳು.

"ಬೇಡ ಆಂಟಿ! ದಿನಕ್ಕೆ ಎಷ್ಟ್ ಸಲ ಹಾಕ್ತೀರಾ?"

"ಅವರು ಕೇಳ್ದಾಗೆಲ್ಲ."

ಅಮ್ರೀನ್ ಗಾಜಿಗೆ ಮುಖ ಹತ್ತಿಸಿ ನೋಡಿದಳು. "ಅದೇ ಕೊಳೆತು ನೀರು ಕೆಡಿಸ್ತಿದೆ. ನೀವೆಷ್ಟ್ ನೀರ್ ಬದಲಾಯಿಸಿದ್ರೂ ಅಷ್ಟೇ. ಲೈಟ್ ಎಷ್ಟೊತ್ತು ಇರತ್ತೆ?"

"ಆರ್ಸೋದೇ ಇಲ್ಲ. ಇವರು ಮನೆಗೆ ಬಂದಾಗಿಂದ, ಐದ್ ವಾರ ಆಯ್ತು."

"ಐದ್ ವಾರದಿಂದ?" ಅವಳ ದನಿ ಏರಿತು. "ಹವಳದ ಬಣ್ಣ ಅದ್ರೊಳಗೆ ಬದುಕೋ ಸಣ್ಣ ಪಾಚಿದು ಆಂಟಿ. ರಾತ್ರಿನೇ ಇಲ್ದೆ ಬೆಳಕು ಬಿದ್ರೆ ಹವಳ ಅದನ್ನ ಹೊರಗೆ ಉಗುಳ್ಬಿಡತ್ತೆ. ಊಟ ಕೊಡೋ ಪಾಚಿನೇ ಹೋದ್ಮೇಲೆ ಹವಳಕ್ಕೆ ಉಪವಾಸ."

ಅವಳು ಸ್ವಿಚ್ಚಿನತ್ತ ಹೋದಾಗ ವೇದವತಿ ಅಡ್ಡ ನಿಂತಳು. "ಬೇಡಮ್ಮ. ಅವರು ಕೇಳೋದು ಅದೊಂದೇ. ಅದನ್ನೂ ಕಿತ್ಕೊಂಡ್ರೆ ನಾನೇನ್ ಕೊಡ್ಲಿ ಅವರಿಗೆ?"

"ಸರ್ ಯಾಕೆ ಇದನ್ನ ಕೇಳ್ತಾರೆ? ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಲೈಟ್ ಇಡ್ಬಾರ್ದು ಅಂತ ನನಗೆ ಹೇಳ್ಕೊಟ್ಟಿದ್ದೇ ಅವ್ರು."

ವೇದವತಿ ಗಂಡನ ಕಡೆ ತಿರುಗಿದಳು. ಅವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಚಳಿಯಾಗಿ ಫ್ಯಾನ್ ತೋರಿಸಿದಾಗಲೂ ಅದೇ ಪದ. ಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ನೋಯಿಸಿದಾಗಲೂ ಅದೇ. ಗಂಜಿಯ ಚಮಚವನ್ನು ತಳ್ಳುವಾಗಲೂ ಅದೇ. ಅಲ್ಲೆಲ್ಲ ಅದು 'ಬೇಡ' ಎಂದು ಅವಳಿಗೆ ಅರ್ಥವಾಗಿತ್ತು. ಇಲ್ಲಿ ಮಾತ್ರ ಆಗಿರಲಿಲ್ಲ. ಐದು ವಾರ ಈ ಮನುಷ್ಯ, ತಾನು ಬೆಳೆಸಿದ್ದೆಲ್ಲ ಕಣ್ಣೆದುರೇ ಬಿಳಿಚುವುದನ್ನು ನೋಡುತ್ತ, ನಿಲ್ಲಿಸೇ ನಿಲ್ಲಿಸೇ ಎಂದು ಕೂಗುತ್ತಿದ್ದನೇನೋ.

ಅವಳೇ ಹೋಗಿ ಸ್ವಿಚ್ ಆರಿಸಿದಳು.

ಚನ್ನಕೇಶವನ ಕೈ ಮೆಲ್ಲಗೆ ಕೆಳಗಿಳಿಯಿತು. ಉಸಿರು ದೊಡ್ಡದಾಗಿ ಹೊರಬಂತು. ಬಲಗಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ನಿಂತಿತು. ವೇದವತಿ ಮಂಚದ ಅಂಚಿನಲ್ಲಿ ಕುಸಿದಳು. "ನನಗ್ ತಿಳೀಲಿಲ್ಲರೀ. ನನಗ್ ತಿಳೀಲೇ ಇಲ್ಲ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಅಮ್ರೀನ್ ಬಟ್ಟೆಯ ತೋಳು ಮೇಲಕ್ಕೆ ಮಡಚಿ, ಲೋಳೆಗಟ್ಟಿದ್ದ ನಾಲ್ಕು ಕೊಂಬೆಗಳನ್ನು ಕಿತ್ತು ಬಕೆಟ್ಟಿಗೆ ಹಾಕಿದಳು. "ಇವು ಹೋದ್ವು. ಉಳಿದಿದ್ದು ಹೇಳಕ್ಕಾಗಲ್ಲ ಆಂಟಿ. ಮೂರು ದಿನ ಕತ್ತಲಿರ್ಲಿ. ತಿಂಡಿ ಎರಡ್ ದಿನಕ್ಕೊಂದು ಚಿಟಿಕೆ. ಬಣ್ಣ ಬಂದ್ರೂ ತಿಂಗಳುಗಟ್ಲೆ ಹಿಡಿಯತ್ತೆ." ಹೋಗುವ ಮುಂಚೆ ಚನ್ನಕೇಶವನ ಪಾದ ಮುಟ್ಟಿ ಹೋದಳು.

ಹತ್ತು ದಿನ ಕಳೆಯುವಷ್ಟರಲ್ಲಿ ಇನ್ನೆರಡು ಹವಳ ಸತ್ತವು. ಉಳಿದವು ಬಿಳಿಯಾಗೇ ನಿಂತಿದ್ದವು. ಒಂದರ ಬುಡದಲ್ಲಿ ಕಂದು ಛಾಯೆ ಇದೆಯೋ, ಬರೀ ಭ್ರಮೆಯೋ, ವೇದವತಿಗೆ ಖಾತ್ರಿಯಾಗಲಿಲ್ಲ.

ಅವತ್ತು ಸಂಜೆ ಆರಕ್ಕೆ ಲೈಟ್ ಆರಿಸಿ ಬಂದು, ಗಂಡನ ಎಡ ಅಂಗೈಯೊಳಗೆ ತನ್ನ ಬೆರಳಿಟ್ಟಳು.

"ನಾಳೆ ನೀರು ಬದಲಾಯಿಸ್ಲಾ? ಹೂಂ ಅಂದ್ರೆ ಒಂದ್ಸಲ ಒತ್ತಿ. ಬೇಡ ಅಂದ್ರೆ ಎರಡ್ಸಲ."

ಮೀನುಗಳು ಒಂದೊಂದಾಗಿ ಕಲ್ಲಿನ ಸಂದಿ ಸೇರಿದವು. ಅವನು ಒಂದು ಸಲ ಒತ್ತಿದ. ಇನ್ನೊಂದು ಇದೆಯೇನೋ ಎಂದು ಅವಳು ಬೆರಳು ತೆಗೆಯದೆ ಕಾದಳು.