ಚನಬಸಪ್ಪ ಬಿಗಿದ ನಟ್ಟು

ಸಾಂಬ್ರಾಣಿ ಊರಿನ ಚನಬಸಪ್ಪ ಸಡಿಲವಾದದ್ದು ಯಾವುದನ್ನೂ ಸಹಿಸುವ ಮನುಷ್ಯನಲ್ಲ. ಹೊರಸಿನ ನುಲಿ, ಮೊಮ್ಮಕ್ಕಳ ಚಡ್ಡಿಯ ಲಾಡಿ, ಪಂಚಾಯ್ತಿ ಮೆಂಬರರ ನಾಲಿಗೆ, ಎಲ್ಲವೂ ಬಿಗಿಯಾಗಿಯೇ ಇರಬೇಕು. ಪ್ರತಿ ವರ್ಷ ದಸರೆಯ ಖಂಡೆ ಪೂಜೆಯ ಹಿಂದಿನ ದಿನ ತನ್ನ ಹಳೇ ಟ್ರ್ಯಾಕ್ಟರನ್ನು ತಾನೇ ತೊಳೆದು, ಪಾನಾ ಹಿಡಿದು ಕಂಡ ಕಂಡ ನಟ್ಟನ್ನೆಲ್ಲ ಬಿಗಿಯುತ್ತಿದ್ದ. ಆ ದಿನ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅದು ಅವನ ಸೇವೆ.

ಈ ಸಲ ಪೂಜೆ ಮುಗಿದು ಕಬ್ಬಿನ ಹಂಗಾಮು ಶುರುವಾದದ್ದೇ ತಡ, ಟ್ರ್ಯಾಕ್ಟರ್ ಕೈಕೊಟ್ಟಿತು. ಅದೇ ಊರಿನ ರುದ್ರೇಶನ ಹೊಲದಿಂದ ಬಾಡಿಗೆಗೆ ಕಬ್ಬು ಹೇರಿಕೊಂಡು ಏರು ಹತ್ತುವಾಗ ಇಂಜಿನ್ ಗಂಟಲು ಹರಿಯುವಂತೆ ಕೂಗಿತು, ಗಾಲಿ ಮಾತ್ರ ಕದಲಲಿಲ್ಲ. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಓಡಿಸುತ್ತಿದ್ದವಳು ಜುಲಿಯಾನಾ, ಸಿದ್ದಿ ಜನರ ಕೇರಿಯವಳು, ನಾಲ್ಕು ವರ್ಷದಿಂದ ಅವನ ಡ್ರೈವರ್. ಕಬ್ಬು ಕಡಿಯುತ್ತಿದ್ದ ಇಪ್ಪತ್ತು ಮಂದಿಯ ಎದುರಿಗೇ ಚನಬಸಪ್ಪ ಅವಳ ಮೇಲೆ ಹರಿಹಾಯ್ದ.

"ಪೆಡಲ್ ಮ್ಯಾಲ ಕಾಲಿಟ್ಕೊಂಡ ಓಡಿಸಿ ಕ್ಲಚ್ ಸುಟ್ಟಿ! ಇಳಿ ಕೆಳಗ. ಇನ್ನ ಯಾರ ಗಾಡಿನೂ ಮುಟ್ಟಬ್ಯಾಡ!"

ಜುಲಿಯಾನಾ ಕೀಲಿಯನ್ನು ಸೀಟಿನ ಮೇಲಿಟ್ಟು ಇಳಿದಳು. ಇಂಥ ಮಾತಿಗೆ ಕಾಲು ಬೇಗ ಹುಟ್ಟುತ್ತದೆ. ಎರಡೇ ದಿನದಲ್ಲಿ ಸುತ್ತಲಿನ ಊರಿಗೆಲ್ಲ ಗೊತ್ತಾಯಿತು, ಅವಳ ಕೈಗೆ ಗಾಡಿ ಕೊಡುವವರು ಇಲ್ಲವಾದರು. ಅದೇ ಹೊಲದಲ್ಲಿ ಅವಳು ಕುಡುಗೋಲು ಹಿಡಿದು ಕಬ್ಬು ಕಡಿಯತೊಡಗಿದಳು.

ಟ್ರ್ಯಾಕ್ಟರನ್ನು ಮನೆಯಂಗಳಕ್ಕೆ ಎಳೆಸಿ ತಂದ ಮೇಲೆ ಹಳಿಯಾಳದಿಂದ ಮೆಕ್ಯಾನಿಕ್ ದಾವಲಸಾಬ ಬಂದ. ಟ್ರ್ಯಾಕ್ಟರ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಸರಿ ಇದ್ದಿದ್ದರೆ ಇಂಜಿನ್ ಅಲ್ಲೇ ಬಂದ್ ಬೀಳಬೇಕಿತ್ತು. ಅದು ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಗುರುಗುಡುತ್ತಲೇ ಇತ್ತು.

"ಪ್ಲೇಟ್ ಹೋಗೇತ್ರಿ ಗೌಡ್ರ."

"ಹೋಗದ ಏನ್ಮಾಡೀತು? ಎಲ್ಲಾ ಡ್ರೈವರ್ ಕಾಲಿನ ಗುಣ," ಎಂದ ಚನಬಸಪ್ಪ.

ದಾವಲಸಾಬ ಇಂಜಿನ್ ಬಂದ್ ಮಾಡಿ, ಕೆಳಗಿಳಿದು ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಟ್ರ್ಯಾಕ್ಟರಿನ ಕೆಳಗೆ ನುಸುಳಿದ.

"ಇದಕ್ಕ ಆಟನ ಇಲ್ಲಲ್ರಿ. ಪೆಡಲ್ ಒಂದ ಇಂಚರ ಸುಮ್ನ ಕೆಳಗ ಹೋಗಬೇಕು, ಆಮ್ಯಾಲ ಕ್ಲಚ್ ಹಿಡೀಬೇಕು. ರಾಡಿನ ನಟ್ಟ ಯಾರೋ ಪೂರಾ ಬಿಗದಾರ. ಯಾರೂ ಕಾಲ ಇಡದಿದ್ರೂ ಹಗಲೆಲ್ಲ ಕಾಲ ಇಟ್ಟಂಗ ಆಗೇತಿ. ಡ್ರೈವರ್ ಏನೂ ಹೇಳ್ಲಿಲ್ಲೇನ್ರಿ?"

"ಇಲ್ಲ," ಎಂದುಬಿಟ್ಟ ಚನಬಸಪ್ಪ. ಸುಳ್ಳು ಅವನಿಗಿಂತ ಮೊದಲೇ ಬಾಯಿಂದ ಹೊರಬಿದ್ದಿತ್ತು.

ನಟ್ಟು ಬಿಗಿದವನು ತಾನೇ. ತೊಳೆಯುವಾಗ ಪೆಡಲ್ ಸುಮ್ಮನೆ ಅಲುಗಾಡುವುದು ಕಂಡು, ಸಡಿಲ ಹೋಗುವ ತನಕ ತಿರುವಿ, ಬೆನ್ನು ತಟ್ಟಿಕೊಂಡಿದ್ದ. ಜುಲಿಯಾನಾ ಬಂದು ಹೇಳಿದ್ದೂ ನಿಜ. ಚನಬಸಪ್ಪ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ತಾಸು ಹೊತ್ತು ಹೊರಗೆ ಬರಲೇ ಇಲ್ಲ.

ಕೆಲಸ ಎರಡು ದಿನ ಹಿಡಿಯಿತು. ದಿಮ್ಮಿ ಕೊಟ್ಟು, ಜಾಕ್ ಹಚ್ಚಿ, ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಸರಿಸಿ ಟ್ರ್ಯಾಕ್ಟರನ್ನು ಎರಡು ಹೋಳು ಮಾಡಿದರು. ಒಳಗಿಂದ ಬಂದ ಪ್ಲೇಟು ಹೊತ್ತಿದ ರೊಟ್ಟಿಯಂತೆ ಕರ್ರಗಾಗಿತ್ತು. ದಾವಲಸಾಬ ಅದನ್ನು ಕಟ್ಟೆಯ ಮೇಲಿಟ್ಟ. ಹೋಗಿ ಬರುವವರೆಲ್ಲ ಅದನ್ನು ನೋಡಿ, "ಆಕಿ ಭಾಳ ಲುಕ್ಸಾನ ಮಾಡ್ಯಾಳ ಬಿಡ್ರಿ," ಎಂದು ಸಮಾಧಾನ ಹೇಳುವರು. ಚನಬಸಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಅವನು ಬಾಯಿ ಬಿಡಲಿಲ್ಲ.

ಹೊಸ ಪ್ಲೇಟು, ಹೊಸ ಬೇರಿಂಗು ಕೂತು ಟ್ರ್ಯಾಕ್ಟರ್ ಒಂದಾಯಿತು. ಮೂರನೆಯ ದಿನ ಖಾಲಿ ಟ್ರಾಲಿ ಕಟ್ಟಿಕೊಂಡು ಚನಬಸಪ್ಪ ತಾನೇ ರುದ್ರೇಶನ ಹೊಲಕ್ಕೆ ಹೋದ. ಬೈದದ್ದು ಎಲ್ಲರ ನಡುವೆ. ಗುಟ್ಟಾಗಿ ಹೇಳಿದರೆ ನಡೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

"ಕ್ಲಚ್ಚಿನ ನಟ್ಟ ಬಿಗದಾಂವ ನಾನು. ಜುಲಿಯಾನಾಂದ ತಪ್ಪಿಲ್ಲ," ಎಂದು ನೆಲ ನೋಡುತ್ತ ಒದರಿದ. ಯಾರೋ ಕಿಸಕ್ಕೆಂದರು. ಅವನಿಗೆ ಹಗುರವೆನ್ನಿಸಿತು. ಇಷ್ಟೇ ತಾನೇ! "ನಡಿಯವಾ, ಹತ್ತು. ಗಾಡಿ ರೆಡಿ ಆಗೇತಿ."

ಜುಲಿಯಾನಾ ಕುಡುಗೋಲು ಕೆಳಗಿಡಲಿಲ್ಲ. "ನಾ ಬಂದ ಹೇಳಿದ್ದೆ ಗೌಡ್ರ. ಅದನ್ನೂ ಹೇಳ್ರಿ."

"ಹೌದು. ಪೆಡಲ್ ಬಿಗಿ ಆಗೇತಿ, ಒಮ್ಮೆ ನೋಡ್ರಿ ಅಂದಿದ್ಲು."

"ಅದಕ್ಕ ನೀವೇನಂದ್ರಿ?"

ಕಬ್ಬು ಕಡಿಯುತ್ತಿದ್ದವರಲ್ಲಿ ಅರ್ಧಕ್ಕರ್ಧ ಅವಳ ಕೇರಿಯ ಹೆಂಗಸರೇ. ಎಲ್ಲರ ಕೈಗಳೂ ನಿಂತವು. ಚನಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಟ್ರ್ಯಾಕ್ಟರಿನ ವಿಚಾರ ಸಿದ್ದಿ ಹೆಣ್ಮಗಳ ಕಡಿಂದ ಕಲಿಯೂ ಗತಿ ನನಗ ಬಂದಿಲ್ಲ ಅಂದೆ."

ಈಗ ಯಾರೂ ನಗಲಿಲ್ಲ.

ಬದುವಿನ ಮೇಲೆ ನಿಂತಿದ್ದ ರುದ್ರೇಶ ಕೆಳಗಿಳಿದು ಬಂದ. "ಜುಲಿಯಾನಾ, ನಮ್ಮ ಗಾಡಿಗೆ ಡ್ರೈವರ್ ಇಲ್ಲ. ನಾಳಿಂದ ಬರ್ತೀಯೇನು?"

"ಇವತ್ತ ಬರ್ತೇನ್ರಿ."

ಅವಳು ರುದ್ರೇಶನ ಟ್ರ್ಯಾಕ್ಟರ್ ಹತ್ತಿದಳು. ಹಿಂದೆ ಕಬ್ಬು ತುಂಬಿದ ಟ್ರಾಲಿ ಇತ್ತು, ಮುಂದೆ ದಾರಿಗೆ ಅಡ್ಡವಾಗಿ ಚನಬಸಪ್ಪನ ಖಾಲಿ ಗಾಡಿ. ಹಾರ್ನ್ ಹೊಡೆಯಲಿಲ್ಲ, ಕಾಯುತ್ತ ಕೂತಳು. ಅವನು ಅಲ್ಲಾಡದೆ ನಿಂತೇ ಇದ್ದ.

"ಸ್ವಲ್ಪ ದಾರಿ ಬಿಡ್ರಿ ಗೌಡ್ರ," ಎಂದಳು, ಮೊದಲಿನಷ್ಟೇ ಮರ್ಯಾದೆಯಿಂದ.